ಮಾರಕ್ಕ ಮರೆಯಲು ಕಲಿತದ್ದು

ಕಿಡ್ನಿ ಕೆಟ್ಟವರು ದಿನಾ ನಡೆದರೆ ಬುದ್ಧಿ ಮಂಕಾಗುವುದಿಲ್ಲ ಎಂಬ ಸತ್ಯವು, ಮೂತ್ರಪಿಂಡ ಚೈತನ್ಯ ಮಂಡಳಿಯ ಆದೇಶದ ಮೇರೆಗೆ, ಜೂನ್ ಒಂದನೇ ತಾರೀಖಿನಿಂದ ಹಲಸೂರಿನಲ್ಲಿ ಜಾರಿಗೆ ಬಂತು.

ಆದೇಶ ಸರಳವಾಗಿತ್ತು. ಮಂಡಳಿಯ ಡಯಾಲಿಸಿಸ್ ಕೇಂದ್ರದಲ್ಲಿ ಹಾಸಿಗೆ ಪಡೆದವರೆಲ್ಲ ದಿನಕ್ಕೆ ನಾಲ್ಕು ಸಾವಿರ ಹೆಜ್ಜೆ ನಡೆಯತಕ್ಕದ್ದು. ತಿಂಗಳಿಗೊಮ್ಮೆ ಚೈತನ್ಯಾಧಿಕಾರಿ ಮಂಡಳಿಯ ಚೀಟಿಯಲ್ಲಿರುವ ಅದೇ ಹತ್ತು ಪದ ಓದುವರು. ರೋಗಿ ಅವನ್ನು ತಿರುಗಿ ಹೇಳತಕ್ಕದ್ದು. ನಾಲ್ಕಕ್ಕಿಂತ ಕಡಿಮೆ ಹೇಳಿದವರು ನಡೆದಿಲ್ಲವೆಂದು ಭಾವಿಸಿ ಹಾಸಿಗೆ ಹಿಂಪಡೆಯಲಾಗುವುದು. ಆರಕ್ಕಿಂತ ಹೆಚ್ಚು ಹೇಳಿದವರು ಗುಣವಾಗಿದ್ದಾರೆಂದು ಭಾವಿಸಿ ಹಾಸಿಗೆ ಹಿಂಪಡೆಯಲಾಗುವುದು.

ಮಾರಕ್ಕ ಶಿವಾಜಿನಗರದಲ್ಲಿ ಮೂವತ್ತು ವರ್ಷ ಹೂ ಕಟ್ಟಿ ಮಾರಿದವಳು. ಅವಳದು ಏಳನೇ ಹಾಸಿಗೆ, ಮಂಗಳವಾರ ಮತ್ತು ಶುಕ್ರವಾರ. ಒಂದು ಸರದಿ ತಪ್ಪಿದರೆ ಕಾಲು ಊದುತ್ತದೆ, ಎರಡು ತಪ್ಪಿದರೆ ಉಸಿರು ಕಟ್ಟುತ್ತದೆ. ಹಾಗಾಗಿ ಆದೇಶ ನಂಬಿ ನಿಜವಾಗಿಯೂ ನಡೆದಳು. ಫುಟ್‌ಪಾತ್ ಅಗೆದ ಕಡೆ ರಸ್ತೆಗಿಳಿದಳು, ರಸ್ತೆ ಅಗೆದ ಕಡೆ ಫುಟ್‌ಪಾತ್ ಹತ್ತಿದಳು. ಬುಧವಾರದ ಪರೀಕ್ಷೆಯಲ್ಲಿ ಹತ್ತೂ ಪದ ಪಟಪಟನೆ ಒಪ್ಪಿಸಿದಳು: ಕೊಡೆ, ಬಾಳೆಹಣ್ಣು, ಬೀಗ, ಎಳನೀರು, ಏಣಿ, ಆಮೆ, ಕೋಳಿ, ಸಾಬೂನು, ಗಂಟೆ, ಚಾಪೆ.

ಚೈತನ್ಯಾಧಿಕಾರಿ ರಾಮಾಂಜಿನಪ್ಪ ಎದ್ದು ನಿಂತು ಕೈಮುಗಿದ. "ಅಭಿನಂದನೆ ಕಣಮ್ಮ. ನೀವು ಗುಣವಾಗಿದ್ದೀರಿ."

"ಕಿಡ್ನಿ ಸಾರ್?"

"ನಮ್ಮ ಫಾರಂನಲ್ಲಿ ಕಿಡ್ನಿಗೆ ಕಾಲಂ ಇಲ್ಲ."

"ನಾಡಿದ್ದು ಶುಕ್ರವಾರ. ನಾನೆಲ್ಲಿ ಮಲಗ್ಲಿ?"

"ಗುಣವಾದವರು ಯಾಕಮ್ಮ ಮಲಗ್ತೀರಾ? ನಡೀರಿ. ಒಪ್ಪಿಗೆ ಇಲ್ಲದಿದ್ದರೆ ನಾಳೆ ಮರುಪರೀಕ್ಷೆ ಇದೆ."

ಹೊರಗೆ ಮೆಟ್ಟಿಲ ಮೇಲೆ ಎಂಟನೇ ಹಾಸಿಗೆಯ ಆಟೋ ಡ್ರೈವರ್ ಮೊಹ್ಸಿನ್ ಕೂತಿದ್ದ. ಅವನು ಮೂರೇ ಪದ ಹೇಳಿದ್ದ, ಅವನ ಹಾಸಿಗೆಯೂ ಹೋಗಿತ್ತು.

"ಯಾ ಅಲ್ಲಾ, ಅಕ್ಕಾ, ಹತ್ತೂ ಹೇಳ್ಬಿಟ್ಯಾ? ಇಷ್ಟು ಬುದ್ಧಿವಂತೆ, ಇಷ್ಟೂ ಬುದ್ಧಿ ಇಲ್ವಾ?"

"ನೀನು ಮೂರು ಹೇಳಿ ಏನು ಕಿಸಿದೆ? ಏಳು, ನಡೀತಾ ಮಾತಾಡೋಣ. ಐದು ಹೇಳ್ಬೇಕು. ಐದೇ."

"ಯಾವ ಐದು?"

ಮಾರಕ್ಕ ಗಾಳಿಯಲ್ಲೇ ದಾರ ಹಿಡಿದವಳಂತೆ ಬೆರಳಾಡಿಸಿದಳು. "ಹೂ ಕಟ್ಟೋದು ನೋಡಿಲ್ವಾ? ಒಂದು ಮಲ್ಲಿಗೆ, ಒಂದು ಕನಕಾಂಬರ. ಮಲ್ಲಿಗೆ ಬಂದಾಗ ಬಾಯಿ ಬಿಡು, ಕನಕಾಂಬರಕ್ಕೆ ಮುಚ್ಕೊ. ಕೊಡೆ ಮಲ್ಲಿಗೆ. ಬಾಳೆಹಣ್ಣು ಕನಕಾಂಬರ."

"ಬಾಳೆಹಣ್ಣು, ಎಳನೀರು ಎರಡೂ ಡಾಕ್ಟ್ರು ಬೇಡ ಅಂದವ್ರೆ, ಬಿಟ್ಟಿದ್ದೇ ಒಳ್ಳೇದಾಯ್ತು."

ಐದನ್ನು ಸರಿಯಾಗಿ ಮರೆಯಬೇಕಾದರೆ ಹತ್ತೂ ಬಾಯಿಪಾಠ ಇರಬೇಕು. ಆ ಸಂಜೆ ಇಬ್ಬರೂ ಕೆರೆಯ ಸುತ್ತ ಗೊಣಗುತ್ತಾ ನಾಲ್ಕಲ್ಲ, ಆರು ಸಾವಿರ ಹೆಜ್ಜೆ ನಡೆದರು. ಗುರುವಾರ ಮಾರಕ್ಕ ಕೊಡೆ, ಬೀಗ, ಏಣಿ, ಕೋಳಿ, ಗಂಟೆ ಎಂದು ನಿಲ್ಲಿಸಿದಳು.

"ಉಳಿದದ್ದು?"

"ಮರೆತೋಯ್ತು ಸಾರ್."

"ಶಭಾಷ್," ಎಂದು ರಾಮಾಂಜಿನಪ್ಪ 'ಸ್ಥಿರ' ಎಂಬ ಮೊಹರು ಒತ್ತಿದ. ಮೊಹ್ಸಿನನಿಗೂ ಒತ್ತಿದ. ಶುಕ್ರವಾರ ಇಬ್ಬರೂ ಅಕ್ಕಪಕ್ಕ ಮಲಗಿ ಸೂಜಿ ಚುಚ್ಚಿಸಿಕೊಂಡರು.

ಮಲ್ಲಿಗೆ-ಕನಕಾಂಬರದ ಪಾಠ ಉಳಿದ ಹಾಸಿಗೆಗಳಿಗೂ ಹಬ್ಬಿತು. ಮುಂದಿನ ತಿಂಗಳು ಕೇಂದ್ರದ ಮೂವತ್ತೆರಡು ರೋಗಿಗಳೂ ಅದೇ ಐದು ಪದ, ಅದೇ ಕ್ರಮದಲ್ಲಿ ಹೇಳಿದರು. ಮಂಡಳಿ ಪ್ರಕಟಣೆ ಹೊರಡಿಸಿತು: 'ನಮ್ಮ ಎಲ್ಲ ರೋಗಿಗಳಲ್ಲೂ ಅರ್ಧ ನೆನಪು ಪೂರ್ತಿಯಾಗಿ ಉಳಿದಿದೆ.'

ಮೂರನೇ ತಿಂಗಳು ರಾಮಾಂಜಿನಪ್ಪ ಪದಗಳ ಚೀಟಿ ಕಳೆದುಕೊಂಡ. ಡ್ರಾಯರ್ ಹುಡುಕಿದ, ಬೀರು ಹುಡುಕಿದ, ಬೆವರಿದ. ಕೊನೆಗೆ ಏಳನೇ ಹಾಸಿಗೆಯ ಬಳಿ ಬಂದು ಬಗ್ಗಿದ.

"ಮಾರಕ್ಕ, ನಿಮಗೆ ಆ ಹತ್ತು ಪದ ನೆನಪಿದೆಯಾ?"

ಮಾರಕ್ಕ ತನ್ನ ಹಾಸಿಗೆಯ ಅಂಚನ್ನು ಗಟ್ಟಿಯಾಗಿ ಹಿಡಿದುಕೊಂಡಳು. "ಐದೇ ಸಾರ್."

ಅವನು ಹಾಸಿಗೆಯಿಂದ ಹಾಸಿಗೆಗೆ ಹೋಗಿ ಮೂವತ್ತೆರಡು ಜನರನ್ನೂ ಕೇಳಿದ. ಎಲ್ಲರೂ ಅದೇ ಐದು ಹೇಳಿದರು. ಇಷ್ಟು ಸಾಕ್ಷಿ ಇದ್ದ ಮೇಲೆ ಮಂಡಳಿ ತಡಮಾಡಲಿಲ್ಲ. ಹತ್ತು ಪದಗಳ ಅಧಿಕೃತ ಪಟ್ಟಿಯಲ್ಲಿ ಮೊದಲಿನಿಂದಲೂ ಐದೇ ಪದಗಳಿದ್ದವು ಎಂದು ತಿದ್ದುಪಡಿ ಹೊರಡಿಸಿತು. ರೋಗಿಗಳೆಲ್ಲ ಅದಕ್ಕೆ ಸಹಿ ಹಾಕಿ, ನಡೆಯಲು ಹೋದರು.