ಬೇಯಿಸಿದ ಮಣ್ಣಿನ ಬಟಾಣಿ

ನಮ್ಮ ಸೋದರಮಾವ ಮಣ್ಣನ್ನು ಇಡ್ಲಿ ಪಾತ್ರೆಯಲ್ಲಿ ಬೇಯಿಸುತ್ತಿದ್ದರು ಎಂದರೆ ನೀವು ನಗುತ್ತೀರಿ. ನಗಿ, ನಗಿ! ಅದೇ ಪಾತ್ರೆಯ ಇಡ್ಲಿಯನ್ನು ಮರುದಿನ ತಿಂದವಳು ನಾನು. ನನಗೇನೂ ನಗು ಬಂದಿರಲಿಲ್ಲ.

ಅರವತ್ತರ ದಶಕದ ಶುರು. ಟೈಪಿಂಗ್ ಕಲಿಯುವ ನೆಪದಲ್ಲಿ ನಾನು ಯಲಹಂಕದ ಅವರ ಮನೆಯಲ್ಲಿದ್ದೆ. ಮಾವ ಮಿಡ್ಲ್ ಸ್ಕೂಲಿನ ವಿಜ್ಞಾನದ ಮೇಷ್ಟರು. ಅತ್ತೆಯ ತಂದೆಯನ್ನು ನಾವೆಲ್ಲ ತಾತ ಎನ್ನುತ್ತಿದ್ದೆವು. ಜೀವಮಾನವೆಲ್ಲ ನಂದಿಬೆಟ್ಟದ ತುದಿಯ ತೋಟದಲ್ಲಿ ಮಾಲಿಯಾಗಿದ್ದವರು ನಿವೃತ್ತರಾಗಿ ಮಗಳ ಮನೆಗೆ ಇಳಿದು ಬಂದರು. ಬಂದವರೇ ಮಂಚ ಹಿಡಿದರು! ಕಾಯಿಲೆಯೇನೂ ಇಲ್ಲ, ಆದರೆ ಹೀಗೇ ಮಲಗಿದರೆ ಕಾಲಿನ ಶಕ್ತಿಯೇ ಹೋಗುತ್ತದೆ, ಹೇಗಾದರೂ ನಡೆಸಿ ಎಂದು ಡಾಕ್ಟರು ಎಚ್ಚರಿಸಿದ್ದರು. ತಾತ ಗೋಡೆಗೆ ಮುಖ ಮಾಡಿ ಒಂದೇ ಮಾತು ಆಡುತ್ತಿದ್ದರು: "ಮ್ಯಾಗಿಂದು ಕೆಳೀಕ್ ಬಂದ್ರೆ ಬದುಕಾಕಿಲ್ಲ ಕಣಪ್ಪ." ಅತ್ತೆ ಒಲೆಯ ಮುಂದೆ ಕೂತು ಅಳುತ್ತಿದ್ದರು.

"ಯಾಕೆ ಬದುಕಲ್ಲ? ತೋರಿಸ್ತೀನಿ!" ಎಂದರು ಮಾವ. ಹೆಬ್ಬಾಳದ ಕೃಷಿ ಕಾಲೇಜಿನಲ್ಲಿ ಯಾರದೋ ಭಾಷಣ ಕೇಳಿ ಬಂದಿದ್ದರು. ಮಣ್ಣಿನಲ್ಲಿ ಕಣ್ಣಿಗೆ ಕಾಣದ ಜೀವಿಗಳಿವೆಯಂತೆ. ಬೆಟ್ಟದ ಮೇಲಿನವು ಬೇರೆ, ಬಯಲಿನವು ಬೇರೆ. ಗಿಡದ ಬೇರಿಗೆ ಊಟ ಬಡಿಸುವವು ಅವೇ ಅಂತೆ. ಬೆಟ್ಟದ ಬಟಾಣಿಯನ್ನು ಬೆಟ್ಟದ ಮಣ್ಣಿನ ಸಮೇತ ತಂದು ಯಲಹಂಕದಲ್ಲಿ ಬೆಳೆದು ತೋರಿಸಿದರೆ ತಾತನಿಗೆ ಧೈರ್ಯ ಬಂದು ಎದ್ದು ಓಡಾಡುತ್ತಾರೆ ಎಂಬುದು ಮಾವನ ಸಿದ್ಧಾಂತ. ಮುದುಕರನ್ನು ಮಂಚದಿಂದ ಎಬ್ಬಿಸಲು ಇದಕ್ಕಿಂತ ಸುತ್ತುಬಳಸಿನ ದಾರಿ ಇನ್ಯಾರಿಗಾದರೂ ಹೊಳೆದೀತೇ?

ಬೆಟ್ಟದ ತುದಿಯಿಂದ ಒಂದು ಚೀಲ ಮಣ್ಣು, ಮೆಟ್ಟಿಲು ದಾರಿಯ ನಡುವಿನಿಂದ ಒಂದು ಚೀಲ. "ಪಾಪ, ತಂಪಲ್ಲಿ ಬೆಳೆದವು, ಸೆಕೆ ತಡೆಯಲ್ಲ" ಎಂದು ಎರಡಕ್ಕೂ ಒದ್ದೆ ಟವೆಲು ಹೊದಿಸಿ, ಬಸ್ಸಿನ ಕಿಟಕಿ ಪಕ್ಕ ಕೂರಿಸಿ, ತಾವು ನಿಂತುಕೊಂಡು ಬಂದರಂತೆ.

"ಏನ್ ಮೇಷ್ಟ್ರೇ ಅದ್ರಲ್ಲಿ?" ಎಂದು ಕಂಡಕ್ಟರ್ ಕೇಳಿದ.

"ಕೋಟ್ಯಂತರ ಜೀವ ಇವೆ ಕಣಪ್ಪಾ!"

"ಹಂಗಾದ್ರೆ ಎಲ್ರಿಗೂ ಟಿಕೆಟ್ ತಗೊಂಬಿಡಿ."

ಮೂರನೆಯ ಮಣ್ಣು ನಮ್ಮ ಯಲಹಂಕ ಕೆರೆಯ ಅಂಚಿನದು. ಪ್ರತಿಯೊಂದನ್ನೂ ಎರಡು ಪಾಲು ಮಾಡಿ, ಒಂದು ಪಾಲನ್ನು ಹಾಗೇ ಕುಂಡಕ್ಕೆ ತುಂಬಿದರು. ಇನ್ನೊಂದು ಪಾಲಿನ ಜೀವಿಗಳನ್ನು ಕೊಲ್ಲಬೇಕು; ಇಲ್ಲದಿದ್ದರೆ ಗಿಡ ಬೆಳೆದದ್ದು ಅವುಗಳಿಂದಲೇ ಎಂದು ಗೊತ್ತಾಗುವುದು ಹೇಗೆ? ಹೀಗೆ ಮಣ್ಣು ಇಡ್ಲಿ ಪಾತ್ರೆ ಹೊಕ್ಕಿತು. ಅವತ್ತೇ ಶಾಲೆಯ ಹೆಡ್‌ಮೇಷ್ಟರು ಮನೆಗೆ ಬರಬೇಕೇ! ಒಲೆಯ ಮೇಲೆ ಹಬೆ ಕಂಡು, "ರಾಗಿ ಇಡ್ಲಿಯೋ?" ಎಂದು ಪಂಚೆ ಸರಿಮಾಡಿಕೊಂಡು ಮಣೆಯ ಮೇಲೆ ಕೂತೇಬಿಟ್ಟರು.

ಮಾವ ಮುಚ್ಚಳ ಎತ್ತಿ ನೋಡಿ, "ಇನ್ನೈದು ನಿಮಿಷ ಸಾರ್, ಒಳಗಿನವು ಪೂರ್ತಿ ಸತ್ತಿಲ್ಲ" ಎಂದರು.

ಹೆಡ್‌ಮೇಷ್ಟರಿಗೆ ತಕ್ಷಣ ಏನೋ ತುರ್ತು ಕೆಲಸ ನೆನಪಾಯಿತು.

ಆರೂ ಕುಂಡಗಳಲ್ಲಿ ಬೆಟ್ಟದ ಬಟಾಣಿ ಬಿತ್ತಿದ ಮೂರು ವಾರದಲ್ಲಿ ಫಲ ಕಂಡಿತು. ತುದಿಯ ಜೀವಂತ ಮಣ್ಣಿನಲ್ಲಿ ಬಟಾಣಿ ಒಂದು ಗೇಣು, ನಡುಬೆಟ್ಟದ್ದರಲ್ಲಿ ಸ್ವಲ್ಪ ಗಿಡ್ಡ, ಕೆರೆಯದರಲ್ಲಿ ನಾಲ್ಕೇ ಬೆರಳು! ಬೇಯಿಸಿದ ಮಣ್ಣಿನ ಮೂರೂ ಕುಂಡಗಳಲ್ಲಿ ಹಳದಿ ಹಿಡಿದ ಕಡ್ಡಿಗಳು. ಮಾವ ಕುಣಿಯುವುದೊಂದು ಬಾಕಿ. ಗೇಣುದ್ದದ ಗಿಡವನ್ನು ಕುಂಡದ ಸಮೇತ ತಾತನ ಮೂಗಿನ ಕೆಳಗೆ ಹಿಡಿದು, "ನೋಡಿ, ಬದುಕ್ತು!" ಎಂದರು.

ತಾತ ಒಂದು ಕ್ಷಣ ನೋಡಿ, "ಅದ್ರ ಜನ ಅದ್ರ ಜೊತ್ಯಾಗ್ ಬಂದವ್ರೆ. ಬದುಕ್ತದೆ" ಎಂದು ಮತ್ತೆ ಗೋಡೆಗೆ ತಿರುಗಿದರು. ಮಾವನ ಮುಖ ನೋಡಲಾಗಲಿಲ್ಲ.

ಅದಾದ ವಾರಕ್ಕೆ ಅನಾಹುತವಾಯಿತು. ಬೇಯಿಸಿದ ಮಣ್ಣಿನ ಕಡ್ಡಿಗಳು ಹಸಿರಾಗತೊಡಗಿದವು! ಸತ್ತ ಮಣ್ಣು ಚಿಗುರುವುದೆಂದರೇನು? ಕುಂಡ ಮುಟ್ಟಿದವರ ಕೈ ಮುರಿಯುತ್ತೇನೆ ಎಂದು ಮಾವ ಮೊದಲೇ ಸಾರಿದ್ದರು. ಅತ್ತೆಯ ವಿಚಾರಣೆಯಾಯಿತು, ನನ್ನದಾಯಿತು, ಕಾಂಪೌಂಡಿನ ಮೇಲಿನ ಕಾಗೆಯದೂ ಆಯಿತು. ಕಳ್ಳ ಸಿಗಲಿಲ್ಲ. ಕೊನೆಗೆ ಒಂದು ಬೆಳಿಗ್ಗೆ ಬೆಳಕು ಹರಿಯುವ ಹೊತ್ತಿಗೆ ಮಾವ ನನ್ನನ್ನೂ ಎಳೆದುಕೊಂಡು ಹಿತ್ತಿಲ ಕುಂಡಗಳು ಕಾಣುವ ಬಚ್ಚಲಿನ ಕಿಟಕಿಯಲ್ಲಿ ಕಾವಲು ನಿಂತರು, ಕೈಯಲ್ಲಿ ಶಾಲೆಯ ಬೆತ್ತ ಬೇರೆ.

ಹಿತ್ತಿಲ ಬಾಗಿಲು ಕಿರ್ರೆಂದಿತು. ತಾತ! ಗೋಡೆ ಹಿಡಿದು, ಒಂದೊಂದೇ ಹೆಜ್ಜೆ ಇಡುತ್ತಾ, ಅಲ್ಲಲ್ಲಿ ನಿಂತು ಉಸಿರು ತೆಗೆದುಕೊಳ್ಳುತ್ತಾ ಬಂದರು. ಬೆಟ್ಟದ ತುದಿಯ ಕುಂಡದಿಂದ ಒಂದು ಚಿಟಿಕೆ ಮಣ್ಣು ತೆಗೆದು ಹಳದಿ ಗಿಡದ ಬುಡಕ್ಕೆ ಹಾಕಿ, ಬೆರಳಿನಿಂದ ಒತ್ತಿದರು.

"ಒಂಟ್ಯಾಗಿ ಎಂಗ್ ಬದುಕೀಯ ಮಗಾ? ತಗಾ, ನಿನ್ ಜನ."

ಮಾವನನ್ನು ನೋಡಿದೆ. ಬೆತ್ತ ಕೈಜಾರಿ ಬಚ್ಚಲಲ್ಲಿ ಬಿದ್ದಿತ್ತು, ಕಣ್ಣು ತುಂಬಿತ್ತು.

"ಪ್ರಯೋಗ ಕೆಟ್ಟೋಯ್ತಲ್ಲ ಮಾವ" ಎಂದೆ.

"ಕೆಡ್ಲಿ ಸುಮ್ನಿರೇ. ಬಾಗಿಲಿಂದ ಕುಂಡಕ್ಕೇ ಇಪ್ಪತ್ತು ಹೆಜ್ಜೆ, ನಾನು ಎಣಿಸಿದೆ."

ಅವರ ಹುಚ್ಚಾಟಕ್ಕೆ ಅಷ್ಟು ದಿನ ನಕ್ಕಿದ್ದ ನನಗೆ ಅವತ್ತು ಆ ಮನುಷ್ಯನ ಮೇಲೆ ಹೇಳಲಾರದಷ್ಟು ಅಕ್ಕರೆ ಉಕ್ಕಿತು. ತಾತ ಒಳಗೆ ಹೋಗಿ ಮಲಗಿದ ಮೇಲೆ, ಮಾವ ಆರೂ ಕುಂಡಗಳನ್ನು ಒಂದೊಂದಾಗಿ ಎತ್ತಿ ಇನ್ನೈದು ಹೆಜ್ಜೆ ದೂರದಲ್ಲಿಟ್ಟು ಬಂದರು.