ಖಾತೆ ಬದಲಾವಣೆಗೆ ನಮ್ಮ ಅತ್ತೆಯ ಸಹಕಾರ

ನಮ್ಮ ಅತ್ತೆ ನೆರವಿಗೆ ನಿಂತ ಯಾವ ಕೆಲಸವೂ ನೆಟ್ಟಗೆ ಮುಗಿದದ್ದಿಲ್ಲ. ಮುಗಿಯದೆ ಉಳಿದದ್ದೂ ಇಲ್ಲ. ಕಳೆದ ವರ್ಷ ನಮ್ಮ ಯಜಮಾನರು ತೀರಿಕೊಂಡರು. ಶಂಕರಪುರದ ಮನೆ ಅವರ ಹೆಸರಿನಲ್ಲಿತ್ತು. ಖಾತೆಯನ್ನು ಅತ್ತೆಯ ಮತ್ತು ನನ್ನ ಹೆಸರಿಗೆ ಮಾಡಿಸಬೇಕಿತ್ತು. ಮಾಲೀಕರೇ ವಾಸವಿದ್ದರೆ ಆಸ್ತಿ ತೆರಿಗೆ ಬಾಡಿಗೆ ಮನೆಗಿಂತ ಬಹಳ ಕಡಿಮೆ. ಆ ರಿಯಾಯಿತಿಯೂ ಉಳಿಯಬೇಕಿತ್ತು. ನಾನು ಶಾಲಾ ಶಿಕ್ಷಕಿ. ರಿಯಾಯಿತಿ ತಪ್ಪಿದರೆ ನನ್ನೊಬ್ಬಳ ಸಂಬಳದಲ್ಲಿ ಮನೆ ನಿಭಾಯಿಸುವುದು ಕಷ್ಟ.

೧. ದೇವರ ಮನೆಯ ಪತ್ರ

ಕ್ರಯಪತ್ರ ಬೀರುವಿನಲ್ಲಿರಲಿಲ್ಲ, ದೇವರ ಮನೆಯಲ್ಲಿತ್ತು. ಮನೆ ಕೊಂಡಂದಿನಿಂದ ಅತ್ತೆ ಪ್ರತಿ ಶುಕ್ರವಾರ ಅದನ್ನೂ ಬಿಚ್ಚಿಟ್ಟು ಪೂಜೆ ಮಾಡುತ್ತಾ ಬಂದಿದ್ದರು. ವಾರ್ಡ್ ಕಚೇರಿಯ ಗುಮಾಸ್ತರು ಪತ್ರ ಬಿಡಿಸಿದಾಗ ಮೊದಲು ಅಕ್ಷತೆ ಉದುರಿತು. ಅವರು ಕಣ್ಣಿಗೊತ್ತಿಕೊಂಡು, ಮನೆಯ ನಾಲ್ಕೂ ಕಡೆಯ ಗಡಿ ಓದಲು ಕುಳಿತರು.

“ಮೇಡಂ, ಪೂರ್ವಕ್ಕೆ ರಸ್ತೆ ಇದೆ. ಪಶ್ಚಿಮಕ್ಕೆ ಅರಿಶಿನ, ಉತ್ತರಕ್ಕೆ ಕುಂಕುಮ. ದಕ್ಷಿಣಕ್ಕೆ ಹೂವು ಅಂಟ್ಕೊಂಡಿದೆ.”

ಸಬ್ ರಿಜಿಸ್ಟ್ರಾರ್ ಕಚೇರಿಯಿಂದ ದೃಢೀಕೃತ ನಕಲು ತರಲು ಹೇಳಿ, ಮೂಲ ಪತ್ರವನ್ನು ಎರಡೂ ಕೈಯಲ್ಲಿ ಹಿಡಿದು ಹಿಂದಿರುಗಿಸಿದರು. ನಾನೂ ತಲೆ ಬಾಗಿಸಿ ತೆಗೆದುಕೊಂಡೆ. ನನ್ನ ಹಿಂದೆ ಸಾಲಿನಲ್ಲಿ ನಿಂತಿದ್ದವರು ಪ್ರಸಾದಕ್ಕೆ ಕೈ ಚಾಚಿದರು.

೨. ಉತ್ತರಕ್ಕೆ ಕೊಟ್ಟಿಗೆ

ನಕಲು ಬಂತು. ಕುಂಕುಮದ ಕೆಳಗಿದ್ದದ್ದು ‘ಉತ್ತರಕ್ಕೆ ದನದ ಕೊಟ್ಟಿಗೆ’. ಈಗ ಅಲ್ಲಿ ಅಪಾರ್ಟ್‌ಮೆಂಟ್ ಇದೆ. ಕೊಟ್ಟಿಗೆಯಿದ್ದ ಜಾಗ ಅದೇ ಎಂದು ಅಲ್ಲಿಯವರೊಬ್ಬರ ಸಹಿ ಬೇಕೆಂದರು ಗುಮಾಸ್ತರು. ನೆಲಮಹಡಿಯಲ್ಲಿರುವ ನಿವೃತ್ತ ಬ್ಯಾಂಕ್ ಮ್ಯಾನೇಜರ್ ಬಳಿಗೆ ಹೋದೆ. ಬೇಡವೆಂದರೂ ಅತ್ತೆ ಜೊತೆಗೆ ಬಂದರು. ಮ್ಯಾನೇಜರ್ ಕನ್ನಡಕ ಹಾಕಿಕೊಂಡು ಎರಡು ಸಲ ಓದಿ, ಈ ಕೊಟ್ಟಿಗೆಯಲ್ಲಿ ತಾವು ಯಾರಾದಂತಾಯಿತು ಎಂದು ಕೇಳಿದರು.

ಅತ್ತೆ ಸಮಾಧಾನ ಹೇಳಿದರು. “ಬೇಜಾರು ಮಾಡ್ಕೋಬೇಡಿ. ಒಳ್ಳೇ ಹಸುಗಳು. ನೀವು ಕೂತಿದೀರಲ್ಲ, ಅಲ್ಲೇ ಕಟ್ಟೋರು.”

ಮ್ಯಾನೇಜರ್ ಎದ್ದು ನಿಂತು ಸಹಿ ಹಾಕಿದರು.

೩. ಮಹಡಿಯ ಮೇಲಿನವರು

ಕೊನೆಗೆ, ಮನೆಯಲ್ಲಿರುವುದು ನಾವೋ ಬಾಡಿಗೆಯವರೋ ಎಂದು ನೋಡಲು ಕಂದಾಯದ ಅಧಿಕಾರಿ ಬಂದರು. ನಾನು ಒಳಗೆ ಕಾಫಿ ಬೆರೆಸುತ್ತಿದ್ದೆ. ಬಾಗಿಲು ತೆಗೆದವರು ಅತ್ತೆ.

ಮಗ ಹೋದ ಮೇಲೆ ಅತ್ತೆ ಒಂದು ಪದ್ಧತಿ ಇಟ್ಟುಕೊಂಡಿದ್ದಾರೆ. ಮನೆಯಲ್ಲಿರುವುದು ಹೆಂಗಸರಿಬ್ಬರೇ ಎಂದು ಹೊರಗಿನವರಿಗೆ ತಿಳಿಯಬಾರದು. ನಮ್ಮ ಯಜಮಾನರ ಬೂಟುಗಳು ಇನ್ನೂ ಹೊಸ್ತಿಲಾಚೆಯೇ ಇವೆ, ನಾನೂ ತೆಗೆದಿಲ್ಲ. ಅಪರಿಚಿತರು ಯಾರೇ ಬರಲಿ, ಅತ್ತೆಯ ಮೊದಲ ಮಾತು, “ಮಹಡಿ ಮೇಲೆ ಪೊಲೀಸ್ ಇನ್‌ಸ್ಪೆಕ್ಟರ್ ಬಾಡಿಗೆಗಿದಾರೆ.”

ಅಧಿಕಾರಿಗೂ ಅದನ್ನೇ ಹೇಳಿದರು. ಹಾಗಾದರೆ ರಿಯಾಯಿತಿ ಸಿಗುವುದಿಲ್ಲವೆಂದು ಅವರು ಪೆನ್ನು ತೆಗೆದರು. ನಾನು ಓಡಿ ಬಂದು, ಮೇಲೆ ಯಾರೂ ಇಲ್ಲ ಎಂದೆ. ಮನೆಯ ಗುಟ್ಟು ಬಿಟ್ಟುಕೊಟ್ಟಳೆಂದು ಅತ್ತೆಗೆ ಸಿಟ್ಟು.

“ಸುಮ್ನಿರೇ. ಇದಾರೆ, ಡ್ಯೂಟಿಗೆ ಹೋಗಿದಾರೆ.”

ಅಧಿಕಾರಿ ತಾವೇ ಮೇಲೆ ಹೋಗಿ ನೋಡಿ ಬಂದರು.

“ಅಜ್ಜಿ, ಮೇಲೆ ಬರೀ ಸಂಡಿಗೆ ಒಣಗ್ತಿದೆ.”

“ಅವರದ್ದೇ,” ಎಂದರು ಅತ್ತೆ.

“ಸರಿ, ಬಾಡಿಗೆ ಎಷ್ಟು ಕೊಡ್ತಾರೆ?”

ಅತ್ತೆ ನನ್ನ ಮುಖ ನೋಡಿದರು, ಅಧಿಕಾರಿಯ ಮುಖ ನೋಡಿದರು.

“ಅಲ್ಲಪ್ಪಾ, ಪೊಲೀಸರ ಹತ್ರ ಬಾಡಿಗೆ ಕೇಳೋಕಾಗತ್ತಾ?”

ಅಧಿಕಾರಿ ನಾನು ತಂದುಕೊಟ್ಟ ಕಾಫಿ ಕುಡಿದು ಲೋಟ ಕೆಳಗಿಟ್ಟರು. ಆಮೇಲೆ ‘ಮಾಲೀಕರೇ ವಾಸ’ ಎಂದು ಬರೆದರು. ಹೊರಡುವಾಗ ಬೂಟುಗಳನ್ನು ತುಳಿಯದಂತೆ ದಾಟಿ, ಸ್ಕೂಟರ್ ಹತ್ತಿ, ದನಿ ತಗ್ಗಿಸಿ ನನಗೆ ಹೇಳಿದರು:

“ಇನ್‌ಸ್ಪೆಕ್ಟರ್ ಬಂದ್ರೆ ಹೇಳ್ಬೇಡಿ ಮೇಡಂ. ಹೆಲ್ಮೆಟ್ ತಂದಿಲ್ಲ.”