ಎರಡು ಬೆರಳು ನೊರೆ

ಬಿಯರ್ ಬಾಟಲಿಯ ಮುಚ್ಚಳ ತೆಗೆಯಲು ಯಾರಿಗಾದರೂ ಬಂದೀತು, ಆದರೆ ಅದನ್ನು ಗ್ಲಾಸಿಗೆ ಹಾಕುವ ವಿದ್ಯೆ ಲಿಂಗಸುಗೂರು, ಸಿಂಧನೂರು, ಮಸ್ಕಿ ಮೂರೂ ತಾಲ್ಲೂಕು ಹುಡುಕಿದರೂ ತನ್ನೊಬ್ಬನಿಗೇ ಇರುವುದು ಎಂದು ಪಂಪಣ್ಣ ನಂಬಿದ್ದ. ಲಿಂಗಸುಗೂರಿನ ಒಂದು ಬಾರಿನಲ್ಲಿ ಅವನು ಹದಿನೇಳು ವರ್ಷದಿಂದ ವೇಟರ್ ಆಗಿದ್ದ. ಈ ಮಾತನ್ನು ಅವನು ಜಂಬಕ್ಕೆ ಹೇಳುತ್ತಿರಲಿಲ್ಲ. ಸೂರ್ಯ ಮೂಡಣದಲ್ಲಿ ಹುಟ್ಟುತ್ತಾನೆ ಎನ್ನುವ ಹಾಗೆ, ಇದ್ದದ್ದನ್ನು ಇದ್ದ ಹಾಗೆ ಹೇಳುತ್ತಿದ್ದ.

ಹೊಸದಾಗಿ ಕೆಲಸಕ್ಕೆ ಬಂದವರನ್ನು ನಿಲ್ಲಿಸಿಕೊಂಡು ಪಾಠ ಮಾಡುವುದೂ ಅವನದೇ ಕೆಲಸ. ಗ್ಲಾಸಿನಲ್ಲಿ ಎಣ್ಣೆಯ ಪಸೆ ಇರಬಾರದು, ಇದ್ದರೆ ನೊರೆ ಹುಟ್ಟುತ್ತಲೇ ಸಾಯುತ್ತದೆ. ಗ್ಲಾಸನ್ನು ವಾಲಿಸಿ ಹಿಡಿಯಬೇಕು. ಬಿಯರು ಗೋಡೆ ಹಿಡಿದು ಇಳಿಯಬೇಕೇ ಹೊರತು ಬಾವಿಗೆ ಬಿದ್ದಂತೆ ತಳಕ್ಕೆ ಬೀಳಬಾರದು. ಅರ್ಧ ತುಂಬಿದ ಮೇಲೆ, ಹಿರಿಯರು ಬಂದಾಗ ಕಟ್ಟೆಯ ಮೇಲೆ ಕೂತವರು ಏಳುವ ಹಾಗೆ, ಗ್ಲಾಸು ಮೆಲ್ಲಗೆ ಎದ್ದು ನಿಲ್ಲಬೇಕು. ಕಡೆಗೆ ಬಾಟಲಿಯನ್ನು ಗೇಣೆತ್ತರಕ್ಕೆ ಒಯ್ದು ಸಣ್ಣ ಧಾರೆ ಬಿಟ್ಟರೆ ಮೇಲೆ ಎರಡು ಬೆರಳು ನೊರೆ. ಒಂದು ಬೆರಳಾದರೆ ಜಿಪುಣತನ, ಮೂರಾದರೆ ಮೋಸ. ಇಷ್ಟೆಲ್ಲ ಬಲ್ಲ ಪಂಪಣ್ಣ ತಾನು ಮಾತ್ರ ಒಂದು ಹನಿಯನ್ನೂ ನಾಲಿಗೆಗೆ ಮುಟ್ಟಿಸಿದವನಲ್ಲ.

ಮಸ್ಕಿಯ ಅವನ ಮನೆಯಲ್ಲಿ ಈ ವಿದ್ಯೆಗೆ ಕವಡೆ ಕಿಮ್ಮತ್ತಿರಲಿಲ್ಲ. ಗಂಡ ಹೋಟೆಲಿನಲ್ಲಿದ್ದಾನೆ ಎಂದೇ ಕರೆಮ್ಮ ಓಣಿಗೆಲ್ಲ ಹೇಳಿಕೊಂಡು ಬಂದಿದ್ದಳು. ಅದಕ್ಕೆ ಕಾರಣವೂ ಇತ್ತು. ಮಗಳು ಮಹಾಲಕ್ಷ್ಮಿಗೆ ಬಂದ ಮೊದಲ ಸಂಬಂಧ, ಅಪ್ಪ ಬಾರಿನವನು ಎಂದು ಗೊತ್ತಾದ ಮರುದಿನವೇ ಮುರಿದು ಬಿದ್ದಿತ್ತು. ಈಗ ಎರಡನೆಯದು ಬಂದಿತ್ತು. ಹುಡುಗ ಮುದಗಲ್ಲಿನವನು, ಹೆಸರು ಬೀರಲಿಂಗ, ಟ್ರ್ಯಾಕ್ಟರ್ ರಿಪೇರಿ ಕೆಲಸ. ಅವನ ಮನೆಯವರಿಗೂ ಹೋಟೆಲು ಎಂದೇ ಹೇಳಿಸಿದ್ದಳು. ಮನೆಯಲ್ಲೇ ಬ್ಲೌಸ್ ಹೊಲಿಯುವ ಮಹಾಲಕ್ಷ್ಮಿ ಬಾಯಿಬಿಟ್ಟು ಏನೂ ಹೇಳಿರಲಿಲ್ಲ, ಆದರೆ ಅವನ ಫೋಟೊ ನೋಡಿದ ದಿನದಿಂದ ಅವಳ ಹೊಲಿಗೆ ಮಿಷನ್ನಿನ ಸದ್ದೇ ಬೇರೆಯಾಗಿತ್ತು. ಹುಡುಗನ ತಂದೆ ಸಿದ್ದರಾಮ ಭಜನಾ ಮಂಡಳಿಯ ಹಿರಿಯ, ಚಹಾ ಕುಡಿಯಲೂ ಎರಡು ಸಲ ಯೋಚಿಸುವ ಮನುಷ್ಯ. ತಾಯಿ ದುರ್ಗಾದೇವಿಯ ಬಗ್ಗೆ ಕೇಳಿಬಂದದ್ದು ಒಂದೇ ಮಾತು: ಆಕೆ ಮಾತಾಡುವುದು ಕಡಿಮೆ, ನೋಡುವುದು ಹೆಚ್ಚು.

ಭಾನುವಾರ ಹೆಣ್ಣು ನೋಡಲು ಬರುತ್ತೇವೆಂದು ಅವರು ಹೇಳಿ ಕಳಿಸಿದರು. ಕುಡಿಯಲು ಏನು ಕೊಡಬೇಕೆಂಬ ಚರ್ಚೆ ಎರಡು ದಿನ ನಡೆದು, ಜೀರಾ ಸೋಡಾ ಎಂದು ತೀರ್ಮಾನವಾಯಿತು. ಪಂಪಣ್ಣನ ಮುಖ ಅರಳಿದ್ದನ್ನು ಕಂಡು ಕರೆಮ್ಮ ಅಲ್ಲೇ ತಡೆದಳು. ಬಾಟಲಿಗೆ ಸ್ಟ್ರಾ ಹಾಕಿ ಹಾಗೇ ಕೈಗೆ ಕೊಡಬೇಕು, ಅಷ್ಟೇ.

“ನಿಮ್ಮ ಬಾಯಿ ನಾ ಹೆಂಗಾರ ಮಾಡಿ ಮುಚ್ಚಿಸ್ತೀನಿ. ಆ ಕೈ ಮುಚ್ಚಿಸಾಕ ನನ್ನ ಕೈಲಿ ಆಗಂಗಿಲ್ಲ. ಗ್ಲಾಸ್ ಮಾತ್ರ ಮುಟ್ಟಬ್ಯಾಡ್ರಿ.”

ಮುಟ್ಟುವುದಿಲ್ಲ ಎಂದು ಪಂಪಣ್ಣ ಮಗಳ ತಲೆಯ ಮೇಲೆ ಕೈಯಿಟ್ಟು ಹೇಳಿದ. ಬೈಕಿನಲ್ಲಿ ಕುಲುಕಾಡಿ ಬಂದ ಬಾಟಲಿಗಳನ್ನು ಬೆಳಿಗ್ಗೆಯೇ ಐಸಿನ ಬುಟ್ಟಿಯಲ್ಲಿ ಮಲಗಿಸಿ, ಕಂದಮ್ಮಗಳಿಗೆ ಹೊದಿಸುವಂತೆ ಒದ್ದೆ ಗೋಣಿಚೀಲ ಹೊದಿಸಿದ.

ಹನ್ನೊಂದಕ್ಕೆ ಬೀಗರಾಗಬೇಕಾದವರು ಬಂದರು. ಬಿಸಿಲಿಗೆ ಎಲ್ಲರ ಗಂಟಲೂ ಒಣಗಿತ್ತು. ಮಹಾಲಕ್ಷ್ಮಿ ಮಂಡಕ್ಕಿಗೆ ಒಗ್ಗರಣೆ ಹಾಕಿದ ಮಂಡಾಳ ವಗ್ಗರಣಿಯ ತಟ್ಟೆ ತಂದಿಟ್ಟಳು, ಕೇಳಿದ್ದಕ್ಕೆ ಮೆಲ್ಲಗೆ ಉತ್ತರ ಹೇಳಿದಳು, ಬೀರಲಿಂಗ ತಲೆ ತಗ್ಗಿಸಿಕೊಂಡೇ ಎಲ್ಲ ನೋಡಿದ. ಎಲ್ಲವೂ ಅಂದುಕೊಂಡಂತೆ ನಡೆದಿತ್ತು. ಅಷ್ಟರಲ್ಲಿ ಸಿದ್ದರಾಮ ಸ್ಟ್ರಾವನ್ನು ತಿರುಗಿಸಿ ಮುರುಗಿಸಿ ನೋಡಿ, ಮುಂದಿನ ಹಲ್ಲು ಹೋದ ಮೇಲೆ ಹೀರುವುದಾಗುವುದಿಲ್ಲ, ಒಂದು ಗ್ಲಾಸಿಗೆ ಹಾಕಿಕೊಡಿ ಎಂದು ಬಾಟಲಿಯನ್ನು ಪಂಪಣ್ಣನ ಕೈಗೇ ಕೊಟ್ಟ.

ಕರೆಮ್ಮ ಗ್ಲಾಸ್ ತಂದಳು, ಬಾಟಲಿಗೂ ಕೈ ಚಾಚಿದಳು. ತಡವಾಗಿತ್ತು. ಗ್ಲಾಸು ಕೈಗೆ ಬಂದದ್ದೇ ತಡ, ಪಂಪಣ್ಣನೊಳಗೆ ಹದಿನೇಳು ವರ್ಷಗಳು ಎದ್ದು ನಿಂತವು. ಗ್ಲಾಸನ್ನು ಬೆಳಕಿಗೆ ಹಿಡಿದು ನೋಡಿದ. ಹೆಗಲ ಮೇಲಿನ ಟವೆಲಿನಿಂದ ಒರೆಸಿದ. ಬಾಟಲಿಯ ಮೇಲಿನ ಚೀಟಿಯನ್ನು ಸಿದ್ದರಾಮನಿಗೆ ತೋರಿಸಿ, ಅವನು ತಲೆದೂಗುವವರೆಗೆ ಕಾದ. ಆಮೇಲೆ ಗ್ಲಾಸು ವಾಲಿತು, ಸೋಡಾ ಗೋಡೆ ಹಿಡಿದು ಇಳಿಯಿತು, ಗ್ಲಾಸು ಎದ್ದು ನಿಂತಿತು, ಧಾರೆ ಗೇಣೆತ್ತರದಿಂದ ಬಿತ್ತು. ಮೇಲೆ ಎರಡು ಬೆರಳು ನೊರೆ, ಕೂದಲೆಳೆಯಷ್ಟು ಹೆಚ್ಚಿಲ್ಲ, ಕಡಿಮೆಯಿಲ್ಲ.

ಸೋಡಾ ಹಾಕುವುದನ್ನು ಇಷ್ಟು ಚಂದವಾಗಿ ತಾನು ನೋಡೇ ಇಲ್ಲ ಎಂದು ಸಿದ್ದರಾಮ ಹೇಳಿದ. ಅಷ್ಟು ಸಾಕಾಯಿತು. ಹೊಗಳಿಕೆ ತಲೆಗೇರಿದ ಪಂಪಣ್ಣನಿಗೆ ನೆಲ ಕಾಣಲಿಲ್ಲ. ಎಲ್ಲರೂ ಗ್ಲಾಸಿನಲ್ಲೇ ಕುಡಿಯಬೇಕೆಂದು ಘೋಷಿಸಿ, ಇನ್ನೊಂದು ಬಾಟಲಿ ತರಿಸಿದ. ಗಾಬರಿಯಲ್ಲಿದ್ದ ಕರೆಮ್ಮ ಅದನ್ನು ತರುವಾಗ ನೆಲಕ್ಕೆ ಬೀಳಿಸಿ, ಉರುಳಿ ಹೋದದ್ದನ್ನು ಹಿಡಿದು ತಂದಿದ್ದಳು. ಅದನ್ನು ಹೇಳುವ ಧೈರ್ಯ ಅವಳಿಗಾಗಲಿಲ್ಲ. ಪಂಪಣ್ಣ ಈ ಸಲ ಗೇಣಲ್ಲ, ಮೊಳದೆತ್ತರಕ್ಕೆ ಕೈ ಒಯ್ದು ಮುಚ್ಚಳ ಕಿತ್ತ.

ನೊರೆ ಮೊದಲು ಸಿದ್ದರಾಮನ ರುಮಾಲು ಹತ್ತಿತು, ಅಲ್ಲಿಂದ ಮೀಸೆಗಿಳಿಯಿತು, ಮೀಸೆಯಿಂದ ಬಿಳಿ ಧೋತರಕ್ಕೆ. ಉಳಿದದ್ದು ಮಂಡಾಳದ ತಟ್ಟೆಯಲ್ಲಿ ಕೆರೆಯಾಯಿತು. ಪಂಪಣ್ಣ ಅರ್ಧ ಬಗ್ಗಿದ, ಟವೆಲು ಎಳೆದು ಧೋತರ ಒತ್ತಿದ. ಅವನ ಬಾಯಿಂದ ಮಾತು ತಾನಾಗಿಯೇ ಬಂತು.

“ಸಾರಿ ಸರ್. ಇದನ್ನ ಬಿಲ್ಲಿನಾಗ ಹಾಕಂಗಿಲ್ರಿ. ಮಂಡಾಳ ತಗದು ಕಬಾಬ್ ಕಳಸ್ಲೇನ್ರಿ ಸರ್?”

ಬಾಗಿಲ ಮರೆಯಲ್ಲಿದ್ದ ಮಹಾಲಕ್ಷ್ಮಿ ಕಣ್ಣು ಮುಚ್ಚಿಕೊಂಡಳು. ಸಿದ್ದರಾಮ ಮೀಸೆ ಒರೆಸಿಕೊಂಡು, ನೀವಿರುವುದು ಯಾವ ಹೋಟೆಲು ಎಂದು ಮೆಲ್ಲಗೆ ಕೇಳಿದ. ಕರೆಮ್ಮ ಒಂದು ಖಾನಾವಳಿಯ ಹೆಸರು ಹೇಳಲು ಬಾಯಿ ತೆರೆದಳು. ಪಂಪಣ್ಣ ಒಮ್ಮೆ ಮಗಳ ಕಡೆ ನೋಡಿದ, ಒಮ್ಮೆ ತಾನು ಹಾಕಿದ ಮೊದಲ ಗ್ಲಾಸಿನ ಕಡೆ ನೋಡಿದ. ಅಷ್ಟು ಚಂದದ ಕೆಲಸವನ್ನು ತನ್ನದಲ್ಲ ಎನ್ನಲು ಅವನಿಗೆ ಮನಸ್ಸು ಬರಲಿಲ್ಲ.

“ಹೋಟೆಲ್ ಅಲ್ರಿ, ಬಾರ್. ಹದಿನೇಳು ವರ್ಷ ಆತು. ಮಂದಿಗೆ ಕೊಟ್ಟೀನಿ, ನಾ ಕುಡದಿಲ್ಲ. ಆ ಕೆಲಸದ ಮ್ಯಾಲೇ ಮಗಳನ್ನ ಬೆಳಸೀನಿ. ಸುಳ್ಳು ಹೇಳಿದ್ದು ನಮ್ಮ ತಪ್ಪು, ಆಕಿದಲ್ಲ.”

ಸಿದ್ದರಾಮ ಎದ್ದು ನಿಲ್ಲುವ ಹವಣಿಕೆಯಲ್ಲಿ ಹೆಂಡತಿಯ ಕಡೆ ತಿರುಗಿದ. ಅಲ್ಲಿಯವರೆಗೆ ಒಂದು ಮಾತೂ ಆಡದ ದುರ್ಗಾದೇವಿ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಒಂದು ಬಾಟಲಿ ಮತ್ತು ಒಂದು ಸ್ಟೀಲ್ ಲೋಟ ತರಲು ಹೇಳಿದಳು. ತಂದರು. ಆಕೆ ಬಾಟಲಿಯ ಕುತ್ತಿಗೆಯನ್ನು ನಾಡಿ ನೋಡುವಂತೆ ಒಂದು ಕ್ಷಣ ಹಿಡಿದಳು. ಮುಚ್ಚಳ ತೆಗೆದು, ಲೋಟವನ್ನು ನೋಡದೆ, ಕಿವಿ ಅತ್ತ ಕೊಟ್ಟು ಸುರಿದಳು. ಸದ್ದು ಸಣ್ಣಗಾಗುತ್ತ ಬಂದು ನಿಂತಾಗ ಕೈಯೂ ನಿಂತಿತು. ನೊರೆ ಲೋಟದ ಕಂಠಕ್ಕಿಂತ ಮೇಲೆ ಇಡ್ಲಿಯ ಹಾಗೆ ಉಬ್ಬಿ ಕೂತಿತ್ತು. ಒಂದು ಹನಿಯೂ ಹೊರಗೆ ಬೀಳಲಿಲ್ಲ.

“ಗಾಜಿನಾಗ ಕಣ್ಣಿದ್ದವರೆಲ್ಲ ಹಾಕ್ತಾರ, ಅಣ್ಣಾರ. ಇದನ್ನ ಕಿವಿಲೆ ಹಾಕಬೇಕು. ನಮ್ಮವ್ವ ಸಿಂಧನೂರಾಗ ಸೇಂದಿ ಅಂಗಡಿ ಇಟ್ಟಿದ್ಲು. ಲಗ್ನ ಆಗೋತನಕ ನಾನೂ ಹಾಕಿ ಕೊಟ್ಟೀನಿ.”

ಸಿದ್ದರಾಮ ಏಳಹೊರಟವನು ಹಾಗೇ ಕುಳಿತ. ಮೂವತ್ತು ವರ್ಷದಿಂದ ಸಂಸಾರ ಮಾಡಿದ ಹೆಂಡತಿಯನ್ನು ಇವತ್ತೇ ಹೆಣ್ಣು ನೋಡಲು ಬಂದವನಂತೆ ನೋಡಿದ.

“ಕಿರಾಣಿ ಅಂಗಡಿ ಅಂದಿದ್ರಲ್ಲ?”

“ಅಂಗಡಿ ಅಂದಿದ್ರು. ಕಿರಾಣಿ ಅಂತ ನೀವು ತಿಳಕೊಂಡ್ರಿ.”

ಬೀರಲಿಂಗ ಕರವಸ್ತ್ರದೊಳಗೆ ಮುಖ ಹುದುಗಿಸಿದ. ಅವನ ಹೆಗಲೆರಡೂ ಕುಣಿಯುತ್ತಿದ್ದವು. ಬಾಗಿಲ ಮರೆಯಿಂದಲೂ ಒಂದು ನಗು ತಪ್ಪಿಸಿಕೊಂಡು ಬಂತು.

ಪಂಪಣ್ಣನಿಗೆ ಮಾತ್ರ ನಗು ಬರಲಿಲ್ಲ. ತಾನಲ್ಲದೆ ಇನ್ನೊಬ್ಬರು ಹೀಗೆ ಹಾಕುವುದನ್ನು ಅವನು ಜನ್ಮದಲ್ಲಿ ಮೊದಲ ಸಲ ಕಂಡಿದ್ದ. ತಾನೂ ಹಾಕಿ ತೋರಿಸುತ್ತೇನೆಂದು ಹಟ ಹಿಡಿದು ಸ್ಟೀಲ್ ಲೋಟ ತೆಗೆದುಕೊಂಡ, ಕಣ್ಣು ಬೇರೆ ಕಡೆ ತಿರುಗಿಸಿದ, ಕಿವಿ ಕೊಟ್ಟ. ಕಿವಿಗೆ ಕೇಳುವ ಮೊದಲೇ ಮೊಣಕೈಗೆ ತಣ್ಣಗೆ ಹತ್ತಿತು. ನೊರೆ ಲೋಟ ದಾಟಿ, ಅಂಗಿಯ ತೋಳಿನೊಳಗೆ ಹರಿದು, ಬಗಲಿಗೆ ಸೇರುತ್ತಿತ್ತು.

ದುರ್ಗಾದೇವಿ ಅವನ ಮಣಿಕಟ್ಟನ್ನು ಬೆರಳಿನಿಂದ ತುಸು ತಗ್ಗಿಸಿ ತಿದ್ದಿದಳು. ಧಾರೆ ಮೇಲಿಂದ ಬಿಡುವುದು ವಿದ್ಯೆಯಲ್ಲ, ಸೊಕ್ಕು ಎಂದು ತಿಳಿಸಿ ಹೇಳಿದಳು. ಬಾಟಲಿ ಬಿದ್ದದ್ದೋ ಬೈಕಿನಲ್ಲಿ ಕುಲುಕಿದ್ದೋ, ಮುಚ್ಚಳ ತೆಗೆಯುವ ಮೊದಲೇ ಕೈಗೆ ತಿಳಿಯಬೇಕು ಎಂದಳು. ಬಾರಿನಲ್ಲಿ ಪಾಠ ಹೇಳುವ ಉಸ್ತಾದ ತನ್ನ ಮನೆಯ ನಡುಮನೆಯಲ್ಲಿ ಒದ್ದೆ ಅಂಗಿಯಲ್ಲಿ ನಿಂತು ಹೂಂ ಅನ್ನುತ್ತಿದ್ದ.

“ಕೈ ಛಲೋ ಐತಿ,” ಎಂದಳು ದುರ್ಗಾದೇವಿ ಕಡೆಗೆ, ಸೆರಗು ಬಿಚ್ಚಿಕೊಳ್ಳುತ್ತ. “ಕಿವಿ ಇನ್ನಾ ಕಲೀಬೇಕು. ಆರು ತಿಂಗಳಾರ ಬೇಕು. ಇರ್ಲಿ, ಮದುವಿ ಆರು ತಿಂಗಳಿಗೆ ಇಟ್ಕೊಳ್ಳೋಣು. ಅಷ್ಟೊತ್ತಿಗೆ ಕಲೀತೀರಿ.”

ಮಹಾಲಕ್ಷ್ಮಿ ಒಳಗೆ ಓಡಿದಳು. ಕರೆಮ್ಮ ಸಕ್ಕರೆ ಡಬ್ಬಿಗೆ ಓಡಿದಳು. ಪಂಪಣ್ಣ ಇನ್ನೂ ನಿಂತಲ್ಲೇ ನಿಂತಿದ್ದ. ಹದಿನೇಳು ವರ್ಷದ ಸರ್ವಿಸ್ ಇದ್ದವನಿಗೆ ಆರು ತಿಂಗಳ ಟ್ರೇನಿಂಗ್ ಅಂದರೆ ಹೇಗೆ, ಬೇಕಾದರೆ ಲಿಂಗಸುಗೂರಿಗೆ ಬಂದು ಯಾರನ್ನಾದರೂ ಕೇಳಿ ನೋಡಿ ಎಂದು ಸಿದ್ದರಾಮನ ಎದುರು ವಾದ ಹೂಡಿದ್ದ. ಕರೆಮ್ಮ ಬಂದವಳೇ ಒಂದು ಹಿಡಿ ಸಕ್ಕರೆಯನ್ನು ಅವನ ಬಾಯಿಗೆ ತುರುಕಿದಳು.

“ಅವರು ಮದುವಿ ಅಂದ್ರು. ನಿಮಗ ಬರೇ ಆರು ತಿಂಗಳು ಕೇಳಿಸ್ತೇನು? ಅಕ್ಕಾರು ಹೇಳಿದ್ದು ಖರೇ ಐತಿ, ನಿಮ್ಮ ಕಿವಿನೇ ಇನ್ನಾ ಕಲೀಬೇಕು.”